ಖಾಲಿ ಲಾರಿಯ ತೂಕ

ಮೊದಲು ಖಾಲಿ ಲಾರಿ ತೂಗುತ್ತೇವೆ, ಆಮೇಲೆ ತುಂಬಿದ್ದನ್ನು.
ಕಳೆದು ಉಳಿದದ್ದೇ ನಿಮ್ಮ ಮನೆ, ಪೌಂಡಿಗೆ ಇಷ್ಟು,
ಎಂದ ಕಂಪನಿಯ ಹುಡುಗ, ಪಾಠ ಹೇಳುವವನ ಹಾಗೆ.
ನಾನು ನಕ್ಕೆ. ಇಪ್ಪತ್ತಾರು ಸುಗ್ಗಿ
ಸಸ್ಕಾಚೆವಾನಿನ ಮರದ ಕಣಜದ ಬುಡದಲ್ಲಿ ಕೂತು
ನಾನು ಮಾಡಿದ್ದು ಇದೊಂದೇ ಲೆಕ್ಕ:
ಗೋಧಿ ತಂದ ಲಾರಿ, ಗೋಧಿ ಸುರಿದ ಲಾರಿ,
ನಡುವಿನ ವ್ಯತ್ಯಾಸಕ್ಕೆ ಒಂದು ಚೀಟಿ.
ಕಣಜವನ್ನು ಹೋದ ವರ್ಷ ಕೆಡವಿದರು.
ಮೊದಲು ದೂಳು ಎದ್ದಿತು, ಸದ್ದು ಆಮೇಲೆ ಬಂತು.

ಮೂವರು ಬಂದರು. ಮುಂದಾಳು ಡಾರ್ಲೀನ್ ಕ್ವಿರಿಂಗ್,
ಕಿವಿಯ ಮೇಲೆ ಪೆನ್ಸಿಲು, ಸೊಂಟದಲ್ಲಿ ಟೇಪಿನ ಸುರುಳಿ.
ಪ್ರತಿ ಸಾಮಾನಿಗೂ ಒಂದು ಹಳದಿ ಚೀಟಿ, ಒಂದು ಅಂಕಿ,
ಜೊತೆಗೆ ಅದರ ಗಾಯಗಳ ಪಟ್ಟಿ.
ನಾಳೆ ಯಾರೂ ಯಾರನ್ನೂ ದೂರಬಾರದಲ್ಲ!
ಮೂವತ್ತೊಂದು: ಊಟದ ಮೇಜು. ಗೀರು. ಬಿಸಿ ಪಾತ್ರೆಯ ಕಲೆ.
ಮೂವತ್ತೆರಡು: ಕುರ್ಚಿ. ಬೆನ್ನು ಸಡಿಲ.
ಐವತ್ತು: ಕನ್ನಡಿ. ಅಂಚಿನಲ್ಲಿ ಬಿರುಕು, ಮೊದಲೇ ಇದ್ದದ್ದು.
ಮೊದಲೇ ಇದ್ದದ್ದು, ಮೊದಲೇ ಇದ್ದದ್ದು,
ಎಷ್ಟು ಸಲ ಬರೆದಳೋ.
ಕೆಳಗೆ ಒರೀಸ್ಯ ಕೊಸ್ತಿನಿಯುಕ್ ಎಂದು ಸಹಿ ಹಾಕಿದೆ.
ನನ್ನ ಮದುವೆಗೂ ಯಾರಾದರೂ ಹೀಗೆ
ಹೊರಡುವ ಮುಂಚೆ ಪಟ್ಟಿ ಮಾಡಿದ್ದರೆ
ವಕೀಲನ ಖರ್ಚು ಉಳಿಯುತ್ತಿತ್ತು.

ಒಟ್ಟು: ನಾಲ್ಕು ಸಾವಿರದ ನೂರ ಎಂಬತ್ತು ಪೌಂಡು.
ಸಣ್ಣ ರೈತನ ಲಾರಿಯ ಕಾಲುಭಾಗವೂ ಇಲ್ಲ.

ನಾನು ವಿಮಾನ ಹಿಡಿದು ಮೊದಲೇ ಬಂದು ಕೂತೆ,
ಸೇಂಟ್ ಜಾನ್ಸ್‌ನಲ್ಲಿ, ಗುಡ್ಡಕ್ಕೆ ಅಂಟಿಕೊಂಡ
ಹಸಿರು ಮನೆಯೊಂದರ ಬರಿನೆಲದ ಮೇಲೆ.
ಇಲ್ಲಿ ಬೀದಿಗಳು ಹತ್ತುತ್ತವೆ, ಇಲ್ಲ ಜಾರುತ್ತವೆ.
ಚಪ್ಪಟೆ ನಾಡಿನ ನನ್ನ ಮೊಣಕಾಲಿಗೆ ಎಲ್ಲವೂ ಓರೆ.
ಸಮುದ್ರ ನೋಡಬೇಕೆಂದು ಬಂದವಳಿಗೆ
ಮೂರು ದಿನ ಕಂಡದ್ದು ಮಂಜು;
ಅದರೊಳಗೆಲ್ಲೋ ಹಡಗೊಂದು
ಹಟ್ಟಿ ತಪ್ಪಿದ ಹಸುವಿನ ಹಾಗೆ ಕೂಗುತ್ತಿತ್ತು.

ಫೋನು: ಲಾರಿ ಹಡಗಿನಿಂದ ಇಳಿದಿದೆ, ಆದರೆ
ರೆಕ್‌ಹೌಸ್ ಬಯಲಲ್ಲಿ ಗಾಳಿ, ಲಾರಿಯನ್ನೇ ಮಗುಚುವ ಗಾಳಿ.
ಇಳಿಯುವ ತನಕ ಕಾಯಬೇಕು.
ಗಾಳಿ ಬಂದಾಗ ತೂರಿಕೋ ಎಂಬುದು ಕಾಳಿನ ಜನರ ಮಾತು.
ಆ ರಾತ್ರಿ, ಕೋಟು ಮಡಚಿ ತಲೆಗಿಟ್ಟು ಮಲಗಿದಾಗ ಕಂಡೆ:
ಗಾಳಿ ನನ್ನನ್ನೇ ಮೊರದಲ್ಲಿಟ್ಟು ತೂರುತ್ತಿದೆ,
ಹಳದಿ ಚೀಟಿಗಳು ಜೊಳ್ಳಿನ ಹಾಗೆ ಹಾರುತ್ತಿವೆ,
ಕೆಳಗೆ ಕೂತು ಕಾಳು ಆಯುವವರಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಎಲ್ವಿನ್ ಹಿಸ್ಕಾಕ್
ಬಾಗಿಲು ತಟ್ಟದೆಯೇ ಒಳಗೆ ಬಂದ.
ಒಂದು ಕೈಯಲ್ಲಿ ಉಪ್ಪುಮೀನು, ಆಲೂಗಡ್ಡೆಯ ಬಾಣಲಿ,
ಕಂಕುಳಲ್ಲಿ ಒಂದು ಮಡಚುವ ಕುರ್ಚಿ.
"ಕೂರಮ್ಮ, ನಿಂತು ತಿನ್ನುವುದು ಕುದುರೆ."
ಬಾಣಲಿಯಿಂದಲೇ ತಿಂದೆ, ಬೆರಳು ಸುಟ್ಟುಕೊಂಡು.

ಎಂಟನೆಯ ದಿನ ಲಾರಿ ಏದುಸಿರು ಬಿಡುತ್ತ ಗುಡ್ಡ ಹತ್ತಿತು.
ಬೇರೆ ಹುಡುಗರು, ಅದೇ ಕಂಪನಿಯ ಅಂಗಿ.
ಮೆಟ್ಟಿಲು ಕಿರಿದು; ಸೋಫಾ ಬಾಗಿಲಲ್ಲಿ ಹಟ ಹಿಡಿಯಿತು.
ಕಿಟಕಿ ಕಳಚಿ ಹಗ್ಗ ಕಟ್ಟಿ ಎಳೆದರು,
ಬೀದಿಗೆ ಬೀದಿಯೇ ನಿಂತು ಸಲಹೆ ಕೊಟ್ಟಿತು.
ನಾನು ಪಟ್ಟಿ ಹಿಡಿದು ಅಂಕಿಗೆ ಗುರುತು ಹಾಕುತ್ತ ಹೋದೆ.
ನೂರ ಹದಿನೇಳು ಬರಲಿಲ್ಲ.
ಡಾರ್ಲೀನಳ ಅಕ್ಷರ: ಡಬ್ಬ, ಚಿಕ್ಕದು. ಮಾಲೀಕಳೇ ತುಂಬಿದ್ದು.
"ಏನಿತ್ತು ಅದರಲ್ಲಿ? ಪರಿಹಾರ ಬರುತ್ತದೆ."
ನೆನಪಾಗಲಿಲ್ಲ. ಆಣೆಗೂ ನೆನಪಾಗಲಿಲ್ಲ.
ನಾನೇ ಸುತ್ತಿ, ನಾನೇ ಅಂಟು ಹಾಕಿ ಮುಚ್ಚಿದ್ದು.
ಫಾರ್ಮಿನಲ್ಲಿ ಬೆಲೆಯ ಜಾಗಕ್ಕೆ ಗೆರೆ ಎಳೆದೆ.

ಲಾರಿ ಇಳಿದು ಹೋಯಿತು. ಚಕ್ರದ ಮೇಲೆ ಒಡಲು
ಎಷ್ಟು ಎದ್ದಿದೆಯೆಂದು ನೋಡಿಯೇ ಹೇಳಬಲ್ಲೆ:
ಒಳಗೆ ಇನ್ನೇನೂ ಇಲ್ಲ.
ಸೋಮವಾರದಿಂದ ಬಂದರಿನಲ್ಲಿ ಏಡಿ ತೂಗುವ ಕೆಲಸ.
ಅಲ್ಲೂ ಬುಟ್ಟಿಯ ತೂಕ ಕಳೆಯಬೇಕಂತೆ,
ನೀರು ಸೋರುವ ತನಕ ಕಾಯಬೇಕಂತೆ.

ಕುರ್ಚಿ ಹಿಂದಿರುಗಿಸಲು ಹೋದರೆ ಎಲ್ವಿನ್
"ಇರಲಿ ಬಿಡು, ಅದೇನು ಭಾರವೇ," ಎಂದ.
ತಂದು ಕಿಟಕಿಯ ಬಳಿ ಹಾಕಿ ಕೂತೆ.
ಒಂದು ಕಾಲು ಕುಂಟು.
ಮೊದಲೇ ಇದ್ದದ್ದು.